ಭಾವನ ಕಾಲ್ಬೆರಳೂ ನಮ್ಮ ಆಫೀಸಿನ ಸಿದ್ಧಾಂತಗಳೂ

ಜನರಿಗೆ ಆರೋಗ್ಯ ಕಲಿಸುವ ಕೆಲಸಕ್ಕೆ ಇಳಿದವರಿಗೆ ಇಂಥ ಪ್ರಸಂಗಗಳ ಕೊರತೆ ಎಂದೂ ಆಗುವುದಿಲ್ಲ. ಒಂದನ್ನು ಮರೆತು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಾನು ಈವರೆಗೆ ಆಫೀಸಿನ ವರದಿ ಬಿಟ್ಟು ಬೇರೇನನ್ನೂ ಬರೆದವಳಲ್ಲ. ಓದುವವರಿಗೆ ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಹೆದರಿಕೆಯಿಂದ ಎಲ್ಲವನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲೇ ಗೊತ್ತಿದ್ದವರು ಸಹಿಸಿಕೊಳ್ಳಬೇಕು.

ಆರೋಗ್ಯ ಶಿಕ್ಷಣ ಎಂದರೆ ಡಾಕ್ಟರ ಕೆಲಸವಲ್ಲ. ಡಾಕ್ಟರು ರೋಗಕ್ಕೆ ಮದ್ದು ಕೊಡುತ್ತಾರೆ. ನಾವು ಜನರ ಅಭ್ಯಾಸ ಬದಲಾಯಿಸುತ್ತೇವೆ. ಬದಲಾಯಿಸುತ್ತೇವೆ ಎಂದು ಹೇಳಿಕೊಳ್ಳುತ್ತೇವೆ ಎಂದರೆ ಹೆಚ್ಚು ಸರಿ. ಇದಕ್ಕೆ ಸಿದ್ಧಾಂತ ಬೇಕು. ಸಿದ್ಧಾಂತ ಎಂದರೆ, ಮನುಷ್ಯ ಮಾಡಬಾರದ್ದನ್ನೇ ಯಾಕೆ ಮಾಡುತ್ತಾನೆ ಎಂದು ಏಸಿ ಕೋಣೆಯಲ್ಲಿ ಕುಳಿತವರು ಕಂಡುಹಿಡಿದ ಕಾರಣ. ನಮ್ಮ ಆಫೀಸು ಸಾನಪಾಡಾದಲ್ಲಿದೆ. ಅಲ್ಲಿಯ ಮುಖ್ಯಸ್ಥೆಯನ್ನು ನಾವು ಮೇಡಂ ಎನ್ನುತ್ತೇವೆ. ಉಳಿದವರು ಹಬ್ಬಕ್ಕೆ ಪರದೆ ಬದಲಾಯಿಸುವ ಹಾಗೆ ಮೇಡಂ ಪ್ರತಿ ಸೆಮಿನಾರಿನ ನಂತರ ಸಿದ್ಧಾಂತ ಬದಲಾಯಿಸುತ್ತಾರೆ. ಹಳೆಯದು ಯಾಕೆ ಕೆಲಸ ಮಾಡಲಿಲ್ಲ ಎಂದು ಯಾರೂ ಕೇಳುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಹೊಸದರ ಬ್ಯಾನರು ಪ್ರಿಂಟಾಗಿ ಬಂದಿರುತ್ತದೆ.

ಇನ್ನು ಭಾವನ ವಿಷಯ. ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಎಂಐಡಿಸಿ ಎಂಬ ಕಾರ್ಖಾನೆ ವಸಾಹತಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಸಕ್ಕರೆ ಕಾಯಿಲೆ ಹಳೆಯದು. ಈ ಸಲ ಬಲಗಾಲಿನ ಹೆಬ್ಬೆರಳಲ್ಲಿ ಗಾಯವಾಗಿ ಒಣಗಲೇ ಇಲ್ಲ. ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು: "ಶುಗರ್ ಕೆಳಗೆ ಬರದಿದ್ದರೆ ಗಾಯ ಒಣಗುವುದಿಲ್ಲ. ಗಾಯ ಒಣಗದಿದ್ದರೆ ಬೆರಳು ತೆಗೆಯಬೇಕಾಗುತ್ತದೆ. ದೀಪಾವಳಿ ಕಳೆದ ಮೇಲೆ ನೋಡಿ ನಿರ್ಧಾರ ಮಾಡೋಣ."

ಅಕ್ಕ ಅದೇ ದಿನ ನನಗೆ ಫೋನು ಮಾಡಿದಳು. "ಇಡೀ ಊರಿಗೆ ಬುದ್ಧಿ ಹೇಳ್ತಿಯಲ್ಲ, ನಿನ್ನ ಭಾವನ ಒಂದು ಬೆರಳು ಉಳಿಸಿ ಕೊಡು ನೋಡುವ." ನಾನು ಧೈರ್ಯದಿಂದ ಒಪ್ಪಿಕೊಂಡೆ. ನನ್ನ ಹತ್ತಿರ ಸಿದ್ಧಾಂತಗಳಿದ್ದವಲ್ಲ.

ಹೆದರಿಸಿದರೆ ಬಿಡುತ್ತಾರೆ

ಆಗ ನಮ್ಮಲ್ಲಿ ನಡೆಯುತ್ತಿದ್ದದ್ದು ಹೆದರಿಕೆಯ ಸಿದ್ಧಾಂತ. ಅಪಾಯ ತನ್ನ ಮೈಮೇಲೆಯೇ ಬರುತ್ತದೆ, ಬಂದರೆ ಭೀಕರವಾಗಿರುತ್ತದೆ ಎಂದು ನಂಬಿದವನು ದಾರಿಗೆ ಬರುತ್ತಾನೆ ಎಂಬುದು ಅದರ ಸಾರ. ಡೊಂಬಿವಲಿಯ ನಮ್ಮ ಊರಿನ ಕಡೆಯವರ ಸಂಘದ ಸಭಾಂಗಣದಲ್ಲಿ ಭಾನುವಾರ ಭಜನೆ ಮುಗಿದ ಮೇಲೆ ನನ್ನ ಕಾರ್ಯಕ್ರಮ. ಗೋಡೆಯ ಮೇಲೆ ದೊಡ್ಡದಾಗಿ ಕೊಳೆತ ಕಾಲುಗಳ ಚಿತ್ರ ತೋರಿಸಿದೆ. ಒಂದಕ್ಕಿಂತ ಒಂದು ಭೀಕರ. ಹೆಂಗಸರು ಸೆರಗು ಮೂಗಿಗೆ ಹಿಡಿದರು. ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣು ಮುಚ್ಚಿ ದೇವರ ನಾಮ ಹೇಳತೊಡಗಿದರು. ನಾನು ಗೆದ್ದೆ ಎಂದುಕೊಂಡೆ.

ನಂತರ ಊಟ. ಆವತ್ತು ಕಡಲೆಬೇಳೆ ಪಾಯಸ. ಮೊದಲ ಪಂಕ್ತಿಯಲ್ಲೇ ಪಾಯಸ ಮುಗಿಯಿತು. ನನ್ನ ಎದುರು ಎಲೆಯ ಮುಂದೆ ಕುಳಿತವರನ್ನು, "ಏನು ಮಾಮ, ಈಗಷ್ಟೇ ಚಿತ್ರ ನೋಡಿದಿರಲ್ಲ?" ಎಂದು ಕೇಳಿದೆ.

"ಅದಕ್ಕೇ ಅಲ್ವಾ? ನಾಳೆಯಿಂದ ಬಿಡಲೇಬೇಕು ಅಂತಾದರೆ ಇವತ್ತೊಂದು ದಿನ ಸರಿಯಾಗಿ ಉಣ್ಣುವುದು ಬೇಡವಾ?"

ಭಾವ ಮಾತ್ರ ಪಂಕ್ತಿಗೇ ಕೂರಲಿಲ್ಲ. ಅಡುಗೆ ಕೋಣೆಯಲ್ಲಿ ಮೇಲ್ವಿಚಾರಣೆ ನೋಡಿಕೊಂಡು, ಬಾಯಿ ಒರೆಸಿಕೊಂಡು ಹೊರಗೆ ಬಂದು, "ನೋಡಿದೆಯಾ, ನಾನು ಎಲೆಯೇ ಹಾಕಿಸಿಕೊಳ್ಳಲಿಲ್ಲ" ಎಂದರು. ನಾನು ಮೆಚ್ಚಿಕೊಂಡೆ. ಆ ಮೆಚ್ಚುಗೆಗೆ ಈಗ ನಾಚಿಕೆಯಾಗುತ್ತದೆ.

ಮೇಡಂ ವರದಿಯಲ್ಲಿ 'ಸಭಿಕರಲ್ಲಿ ತೀವ್ರ ಭಾವನಾತ್ಮಕ ಪ್ರತಿಕ್ರಿಯೆ' ಎಂದು ಬರೆಸಿದರು. ಅಡುಗೆಯವರ ಪ್ರತಿಕ್ರಿಯೆ ಬೇರೆಯೇ ಇತ್ತು: "ಇನ್ನೊಮ್ಮೆ ಈ ಅಕ್ಕನವರನ್ನು ಕರೆಯುವುದಾದರೆ ಮೊದಲೇ ಹೇಳಿ ಬಿಡಿ. ಇನ್ನೊಂದು ಹಂಡೆ ಪಾಯಸ ಏರಿಸ್ತೇನೆ."

ಮೆಟ್ಟಿಲು ಹಾರಬಾರದು

ಮುಂದಿನದು ಮೆಟ್ಟಿಲುಗಳ ಸಿದ್ಧಾಂತ. ಮನುಷ್ಯ ಒಮ್ಮೆಲೇ ಬದಲಾಗುವುದಿಲ್ಲ. ಮೊದಲು ಅವನಿಗೆ ಬದಲಾಗುವ ಯೋಚನೆಯೇ ಇರುವುದಿಲ್ಲ. ಆಮೇಲೆ ಯೋಚಿಸುತ್ತಾನೆ. ಆಮೇಲೆ ತಯಾರಿ. ಅದರ ಮೇಲೆ ಮಾಡುವುದು, ಕೊನೆಗೆ ಬಿಡದೆ ಮಾಡುತ್ತಾ ಹೋಗುವುದು. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂದು ಕಂಡುಕೊಂಡು ಮುಂದಿನ ಮೆಟ್ಟಿಲಿಗೆ ಕೈಹಿಡಿದು ಹತ್ತಿಸಬೇಕು. ಕಾಗದದ ಮೇಲೆ ಬಹಳ ಚೆಂದ ಕಾಣುತ್ತದೆ.

ನನ್ನ ತಪ್ಪೇನೆಂದರೆ, ಇದನ್ನು ಭಾವನಿಗೆ ವಿವರಿಸಿದ್ದು. ಅವರು ಗಲ್ಲೆಯ ಮೇಲೆ ಕುಳಿತು, ಎಂದರೆ ಹೋಟೆಲಿನ ಕೌಂಟರಿನಲ್ಲಿ ಕುಳಿತು, ಗಮನವಿಟ್ಟು ಕೇಳಿದರು.

"ಹಾಗಾದರೆ ನನ್ನದು ಯಾವುದು?"

"ಎರಡನೆಯದು. ನೀವು ಯೋಚನೆ ಮಾಡ್ತಿದ್ದೀರಿ."

ಭಾವನ ಮುಖ ಅರಳಿತು. ಇಷ್ಟು ವರ್ಷ ಅಕ್ಕ ಯಾವುದನ್ನು ಸೋಮಾರಿತನ ಎಂದು ಬೈಯುತ್ತಿದ್ದಳೋ ಅದಕ್ಕೆ ಪುಸ್ತಕದಲ್ಲಿ ಒಂದು ಸ್ಥಾನ ಇದೆ ಎಂದು ಅವರಿಗೆ ಗೊತ್ತಾಯಿತು. ಎರಡನೇ ಮೆಟ್ಟಿಲಲ್ಲಿ ಅವರು ಗಣೇಶ ಚೌತಿಯವರೆಗೂ ಆರಾಮವಾಗಿ ಕುಳಿತರು. ಚೌತಿ ಕಳೆದ ಮೇಲೆ ಮೂರನೆಯದಕ್ಕೆ ಹತ್ತಿದರು, ಅಂದರೆ ವಾಕಿಂಗಿಗೆಂದು ಮೆತ್ತನೆಯ ಬೂಟು ತಂದರು. ಬೂಟು ಹಾಕಿಕೊಂಡು ಆಟೋದಲ್ಲಿ ಹೋಟೆಲಿಗೆ ಹೋದರು, ಆಟೋದಲ್ಲಿ ವಾಪಸು ಬಂದರು.

ಅಕ್ಕ ನನ್ನೆದುರೇ ಕೇಳಿದಳು. "ಇದು ಎಂತ ವಾಕಿಂಗು?"

"ಇದು ವಾಕಿಂಗ್ ಅಲ್ಲ, ತಯಾರಿ. ನಿನ್ನ ತಂಗಿಯೇ ಹೇಳಿದ್ದಾಳೆ, ಮೆಟ್ಟಿಲು ಹಾರಬಾರದು ಅಂತ. ನಾನು ಕಲ್ಯಾಣ ಸ್ಲೋ ಲೋಕಲ್ ಇದ್ದ ಹಾಗೆ. ಎಲ್ಲ ಸ್ಟೇಷನಿನಲ್ಲೂ ನಿಂತೇ ಹೋಗುವುದು."

"ಸ್ಲೋ ಲೋಕಲ್ ಆದರೂ ಹೊರಡ್ತದೆ. ನೀವು ಯಾರ್ಡಿನಲ್ಲಿ ತೊಳೆಯಲಿಕ್ಕೆ ನಿಲ್ಲಿಸಿದ ಗಾಡಿ."

ಅಧ್ಯಕ್ಷರನ್ನು ನೋಡಿ ಕಲಿಯಿರಿ

ಮನುಷ್ಯ ಉಪದೇಶ ಕೇಳಿ ಕಲಿಯುವುದಿಲ್ಲ, ತನ್ನಂಥ ಇನ್ನೊಬ್ಬನನ್ನು ನೋಡಿ ಕಲಿಯುತ್ತಾನೆ ಎಂಬುದು ಮೂರನೆಯ ಸಿದ್ಧಾಂತ. ಆದ್ದರಿಂದ ಜನ ಗೌರವಿಸುವ ಒಬ್ಬರನ್ನು ಮಾದರಿಯಾಗಿ ನಿಲ್ಲಿಸಬೇಕು. ಠಾಣೆ ನಗರದಲ್ಲಿ ನಮ್ಮವರದ್ದೇ ಇನ್ನೊಂದು ಸಂಘವಿದೆ. ಅದರ ಅಧ್ಯಕ್ಷರೂ ಹೋಟೆಲಿನವರೇ, ಆದರೆ ಹೊಟ್ಟೆ ಎಂಬುದೇ ಇಲ್ಲ. ಹೋಟೆಲಿನವರಲ್ಲಿ ಹೊಟ್ಟೆ ಇಲ್ಲದವರು ಸಿಗುವುದು ಎಷ್ಟು ಅಪರೂಪ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಧ್ಯಕ್ಷರ ಫೋಟೋ ನೋಡಿಯೇ ಮೇಡಂ, "ಹೇಚ್ ಪಾಹಿಜೆ!" ಎಂದು ಮೇಜು ಕುಟ್ಟಿದರು. ಮರಾಠಿಯಲ್ಲಿ ಇವರೇ ಬೇಕು ಎಂದು ಅರ್ಥ.

ಕಾರ್ಯಕ್ರಮಕ್ಕೆ ಭಾವನನ್ನೂ ಎಳೆದುಕೊಂಡು ಹೋದೆ. ಅಧ್ಯಕ್ಷರು ಮೈಕು ಹಿಡಿದರು.

"ಬಂಧುಗಳೇ, ನಾನು ಡಾಕ್ಟರ ಮುಖ ನೋಡಿದವನೇ ಅಲ್ಲ. ಡಯಟ್ ಇಲ್ಲ, ಜಿಮ್ ಇಲ್ಲ. ತೂಕ ತನ್ನಷ್ಟಕ್ಕೆ ಇಳಿಯುತ್ತಾ ಬಂತು. ಪ್ಯಾಂಟುಗಳನ್ನೆಲ್ಲ ಬಿಗಿ ಮಾಡಿಸಿದೆ. ಗುಟ್ಟು ಒಂದೇ, ನೀರು. ನನಗೆ ಯಾವಾಗಲೂ ಬಾಯಾರಿಕೆ. ಎಷ್ಟು ಕುಡಿದರೂ ಇನ್ನೂ ಬೇಕು ಅನಿಸುತ್ತದೆ."

ಚಪ್ಪಾಳೆ. ನಾನು ಮಾತ್ರ ಕುರ್ಚಿಯಿಂದ ಎದ್ದೆ. ಸಕ್ಕರೆ ಕಾಯಿಲೆಯ ಲಕ್ಷಣಗಳೆಂದು ನಾವು ಹಂಚುವ ಕಾಗದದಲ್ಲಿ ಇರುವುದನ್ನೇ ಆ ಮನುಷ್ಯ ಬಾಯಿಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದರು. ತಡೆಯೋಣವೆಂದರೆ ಮೇಡಂ ಆಗಲೇ ಘೋಷಿಸಿಬಿಟ್ಟಿದ್ದರು: ಉಳಿದವರಿಗೆ ಧೈರ್ಯ ಬರಲೆಂದು ಮೊದಲ ರಕ್ತ ಪರೀಕ್ಷೆ ಅಧ್ಯಕ್ಷರದ್ದೇ, ವೇದಿಕೆಯ ಮೇಲೆಯೇ. ಬೆರಳು ಚುಚ್ಚಿದರು. ಆವತ್ತು ಆ ಸಭಾಂಗಣದಲ್ಲಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಎಲ್ಲರಿಗಿಂತ ಹೆಚ್ಚು ಸಕ್ಕರೆ ಇದ್ದದ್ದು ಅಧ್ಯಕ್ಷರಿಗೆ.

ವಾಪಸು ಬರುವಾಗ ಭಾವನ ಮನಸ್ಸು ಬಹಳ ಹಗುರವಾಗಿತ್ತು. "ಒಳ್ಳೆ ಕಾರ್ಯಕ್ರಮ ಮಾರಾಯ್ತಿ. ನನಗಿಂತ ಜಾಸ್ತಿ ಉಂಟು ಅವರಿಗೆ. ಆದರೂ ಅಧ್ಯಕ್ಷರಾಗಿ ಓಡಾಡಿಕೊಂಡಿದ್ದಾರೆ. ನಾನು ಸುಮ್ಮನೆ ಹೆದರಿದ್ದೆ."

ಜನರೇ ನಿರ್ಧರಿಸಲಿ

ಮುಂದಿನ ಪ್ರಸಂಗ ನಡೆದದ್ದು ವಿಠ್ಠಲವಾಡಿಯಲ್ಲಿ. ನಾವು ಹೇಳುವುದು, ಅವರು ಕೇಳುವುದು ಎಂಬ ಪದ್ಧತಿಯೇ ತಪ್ಪು, ತಮ್ಮ ಆರೋಗ್ಯದ ಸಮಸ್ಯೆ ಯಾವುದೆಂದು ಜನರೇ ಗುರುತಿಸಿ ಜನರೇ ಪರಿಹಾರ ಹುಡುಕಬೇಕು ಎಂಬ ಹೊಸ ಗಾಳಿ ಬೀಸಿತ್ತು. ಸ್ಟೇಷನ್ ಹತ್ತಿರದ ಚಾಳಿನ, ಎಂದರೆ ವಠಾರದ, ಹೆಂಗಸರನ್ನು ಸೇರಿಸಿದೆವು. ಹೆಚ್ಚಿನವರು ಬಿಜಾಪುರ, ಗುಲ್ಬರ್ಗ ಕಡೆಯವರು. ಮೇಡಂ ಅವರಿಗೆ ಕನ್ನಡ ಬಾರದ ಕಾರಣ ನಾನು ನಡುವೆ ನಿಂತು ಹೇಳುವವಳು.

"ಸಂಕೋಚ ಬೇಡ. ನಿಮಗೆ ಎಲ್ಲಕ್ಕಿಂತ ದೊಡ್ಡ ತೊಂದರೆ ಏನು, ನೀವೇ ಹೇಳಿ" ಎಂದೆ.

ಒಬ್ಬಾಕೆ ಎದ್ದು ನಿಂತಳು. "ಖರೇ ಹೇಳ್ಲೇನ್ರಿ? ಸಿಟ್ಟಾಗಬಾರದು ಮತ್ತ."

"ಹೇಳಿ, ಹೇಳಿ."

"ನಿಮ್ಮ ಈ ಮೀಟಿಂಗೇ ನೋಡ್ರಿ. ನೀರ ಬರೂದು ಇದಽ ಹೊತ್ತಿಗೆ. ನೀವು ಕರದು ಕುಂದರಸ್ತೀರಿ. ಅಷ್ಟರಾಗ ನಳ ನಿಂತ ಹೋಗತೈತಿ. ಆಮ್ಯಾಲ ದೂರಿಂದ ಕೊಡ ಹೊತ್ತು ಹೊತ್ತು ನಡಾ ಮುರದು ಹೋಗೇತ್ರಿ."

ಎಲ್ಲರೂ ಒಂದೇ ದನಿಯಲ್ಲಿ ಹೌದೆಂದರು. ಪರಿಹಾರವನ್ನೂ ಅವರೇ ಹುಡುಕಿದರು: ಇನ್ನು ಮೇಲೆ ಮೀಟಿಂಗ್ ಬೇಡ. ಕೈ ಎತ್ತಿ ಪಾಸು ಮಾಡಿ ಕೊಡ ಎತ್ತಿಕೊಂಡು ಹೊರಟೇ ಹೋದರು. ಸಿದ್ಧಾಂತ ಇಷ್ಟು ಪೂರ್ತಿಯಾಗಿ ಜಾರಿಗೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೇಡಂ ಮಾತ್ರ ಟ್ಯಾಕ್ಸಿಯಲ್ಲಿ ಸಿಡಿಮಿಡಿಗೊಂಡರು. ಜನರ ನಿರ್ಧಾರವನ್ನು ಗೌರವಿಸಬೇಕು, ನಿಜ, ಆದರೆ ಅವರು ನಾವು ನಿರ್ಧರಿಸಿದ್ದನ್ನೇ ನಿರ್ಧರಿಸುವ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತಂತೆ.

ಆದರೂ ಆಸೆ ಬಿಡದೆ ಅದೇ ವಾರ ಭಾವನ ಮುಂದೆ ಕುಳಿತೆ. ಗಾಯ ಹಾಗೆಯೇ ಇತ್ತು. "ಭಾವ, ನಾನು ಏನೂ ಹೇಳುವುದಿಲ್ಲ. ನಿಮ್ಮ ಸಮಸ್ಯೆ ಏನು ಅಂತ ನೀವೇ ಹೇಳಿ."

ಭಾವ ನನಗೆ ಬೇಸರವಾಗದ ಹಾಗೆ ಮೆಲ್ಲಗೆ ಹೇಳಿದರು: "ನೀನೇ."

ಶೀರಾದ ಸ್ಥಳಾಂತರ

ಐದನೆಯದು ಪರಿಸರದ ಸಿದ್ಧಾಂತ. ಮನುಷ್ಯನನ್ನು ಬದಲಾಯಿಸಲು ಹೋಗಬೇಡಿ, ಅವನ ಸುತ್ತಲಿನ ವಸ್ತುಗಳ ಜಾಗ ಬದಲಾಯಿಸಿ. ಒಳ್ಳೆಯದು ಕೈಗೆ ಸುಲಭವಾಗಿ ಸಿಗಬೇಕು, ಕೆಟ್ಟದ್ದು ದೂರದಲ್ಲಿರಬೇಕು. ನನಗೆ ಇದು ತುಂಬಾ ಹಿಡಿಸಿತು, ಯಾಕೆಂದರೆ ಭಾವನ ಜೊತೆ ಮಾತಾಡುವ ಅಗತ್ಯವೇ ಇರಲಿಲ್ಲ. ಹೋಟೆಲಿನಲ್ಲಿ ಶೀರಾದ ದೊಡ್ಡ ತಟ್ಟೆ ಗಲ್ಲೆಯ ಪಕ್ಕದ ಗಾಜಿನ ಕಪಾಟಿನಲ್ಲಿ ಇರುತ್ತಿತ್ತು. ಶೀರಾ ಎಂದರೆ ನಮ್ಮ ಊರಿನ ಸಿಹಿ ಸಜ್ಜಿಗೆ, ಕೆಲವರು ಕೇಸರಿಭಾತು ಎನ್ನುತ್ತಾರೆ. ಅದನ್ನು ಎತ್ತಿಸಿ ಒಳಗೆ ಅಡುಗೆ ಕೋಣೆಯ ಮೂಲೆಗೆ ಕಳಿಸಿದೆ. ಕಪಾಟಿನಲ್ಲಿ ಮೊಳಕೆ ಕಾಳು ಇಡಿಸಿದೆ. ಎಂಐಡಿಸಿಯಿಂದ ಬರುವ ಗಿರಾಕಿಗಳು ಕಾಳನ್ನು ನೋಡಿ, "ಅಣ್ಣಾ, ಘರ್ ಮೇಂ ಕೋಯಿ ಬೀಮಾರ್ ಹೈ ಕ್ಯಾ?" ಎಂದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ತಿಳಿದು, ವಿಚಾರಿಸಿಕೊಂಡು ಹೋದರು.

ಅಷ್ಟಾದ ಮೇಲೂ ಸಕ್ಕರೆ ಇಳಿಯುವ ಬದಲು ಏರಿತು. ಡಾಕ್ಟರು ಬೆರಳನ್ನು ನೋಡಿ ತಲೆ ಅಲ್ಲಾಡಿಸಿದರು. ಅಕ್ಕನ ಕಣ್ಣಲ್ಲಿ ನೀರು. ಭಾವನಿಗೂ ಈ ಸಲ ಹೆದರಿಕೆಯಾಗಿತ್ತು. "ನನ್ನ ಹಣೆಬರಹ. ನಾನು ತಿನ್ನುವುದೆಂತ? ಬೆಳಿಗ್ಗೆ ಒಂದು ಇಡ್ಲಿ, ಮಧ್ಯಾಹ್ನ ಚಪಾತಿ, ರಾತ್ರಿ ಗಂಜಿ. ಇನ್ನೆಂತ ಬಿಡುವುದು, ಉಸಿರಾ?"

ನಿಜ ಏನೆಂದು ನೋಡಿಯೇ ಬಿಡೋಣವೆಂದು ಒಂದು ಬೆಳಿಗ್ಗೆ ರಜೆ ಹಾಕಿ ಅಕ್ಕನ ಜೊತೆ ಹೋಟೆಲಿನ ಅಡುಗೆ ಕೋಣೆಯಲ್ಲಿ ಕುಳಿತೆ. ಶೀರಾ ಇಳಿಯಿತು. ಭಾವ ಗಲ್ಲೆಯಿಂದ ಎದ್ದು ಬಂದು, ಚಮಚ ತುಂಬಾ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, "ತುಪ್ಪ ಸಾಲದು" ಎಂದರು. ತುಪ್ಪ ಹಾಕಿದ ಮೇಲೆ ಸಾಕಾಯಿತೇ ಎಂದು ಇನ್ನೊಂದು ಚಮಚ. ಚಹಾ ಕುದಿಯಿತು, ಅರ್ಧ ಲೋಟ ಬಗ್ಗಿಸಿ ಕುಡಿದು, "ಸಕ್ಕರೆ ಸರಿ ಉಂಟು." ಹಲ್ವಾ. ಮತ್ತೆ ಚಹಾ. ಮತ್ತೆ ಹೊಸ ಶೀರಾ. ನಾನು ಆ ಶೀರಾವನ್ನು ಅಡುಗೆ ಕೋಣೆಗೆ ಕಳಿಸಿದ್ದರಿಂದ ಅವರಿಗೆ ಬಹಳ ಅನುಕೂಲವಾಗಿತ್ತು. ಮೊದಲು ಗಿರಾಕಿಗಳ ಎದುರು ಸಂಕೋಚವಿತ್ತು.

ನನಗೆ ತಡೆಯಲಾಗಲಿಲ್ಲ. "ಭಾವ! ಏನೂ ತಿನ್ನುವುದಿಲ್ಲ ಅಂದಿರಲ್ಲ?"

ಭಾವ ನಿಜವಾಗಿಯೂ ಆಶ್ಚರ್ಯಪಟ್ಟರು. "ಎಲ್ಲಿ ತಿಂದೆ?"

"ಈಗ ಬಾಯಿಗೆ ಹಾಕಿದ್ದು?"

"ಇದು ರುಚಿ ನೋಡುವುದು. ತಿನ್ನುವುದಕ್ಕೆ ಪ್ಲೇಟು ಬೇಕು, ಕೂರಬೇಕು. ರುಚಿ ನೋಡದೆ ಹೋಟೆಲ್ ನಡೆಸ್ಲಿಕ್ಕಾಗ್ತದಾ? ಗಿರಾಕಿಗೆ ನಾಳೆ ಎಂತ ಮುಖ ತೋರಿಸುವುದು?"

ಅಕ್ಕನ ಕಡೆ ತಿರುಗಿದೆ. ಅವಳು ಕೂಡ, "ಅದು ಹೌದು, ರುಚಿ ನೋಡ್ಲೇಬೇಕಲ್ಲ" ಎಂದಳು. ಇಂಥದೇ ಇನ್ನೊಂದು ಹೋಟೆಲಿನವರ ಮನೆಯಲ್ಲಿ ಹುಟ್ಟಿ ಬೆಳೆದ ನಾನೇ ಅಷ್ಟು ವರ್ಷ ಇದನ್ನು ತಿನ್ನುವುದರ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮ್ಮ ಆಫೀಸಿನ ಪ್ರಶ್ನೆಪಟ್ಟಿಯಲ್ಲೂ 'ದಿನಕ್ಕೆ ಎಷ್ಟು ಬಾರಿ ಊಟ ಮಾಡುತ್ತೀರಿ' ಎಂದಿತ್ತೇ ಹೊರತು 'ಎಷ್ಟು ಬಾರಿ ರುಚಿ ನೋಡುತ್ತೀರಿ' ಎಂದಿರಲಿಲ್ಲ.

ದೇವರ ಪಾಲು

ಅಕ್ಕನಿಗೆ ನನ್ನ ಮೇಲಿನ ನಂಬಿಕೆ ಅಲ್ಲಿಗೆ ಮುಗಿಯಿತು. ಅವಳು ದೇವರ ಹತ್ತಿರ ಹೋದಳು. ಬೆರಳು ಉಳಿಯಲಿ ಎಂದು ಹರಕೆ ಹೇಳಿಕೊಂಡಳು: ಒಂದು ಮಂಡಲ ಕಾಲ, ಎಂದರೆ ನಲವತ್ತೆಂಟು ದಿನ, ಹೋಟೆಲಿನಲ್ಲಿ ಒಲೆಯಿಂದ ಇಳಿಯುವ ಪ್ರತಿಯೊಂದು ಸಿಹಿಯೂ ಮೊದಲು ದೇವರಿಗೆ ನೈವೇದ್ಯವಾಗಿ, ಆಮೇಲೆಯೇ ಗಿರಾಕಿಗಳಿಗೆ. ಅಡುಗೆ ಕೋಣೆಯಲ್ಲೇ ದೇವರ ಫೋಟೋ ಇಟ್ಟರು. ಡೊಂಬಿವಲಿಯಲ್ಲೇ ಇರುವ ನಮ್ಮ ಕಡೆಯ ಭಟ್ಟರೊಬ್ಬರು ಬೆಳಿಗ್ಗೆಯಿಂದ ಹೋಟೆಲು ಮುಚ್ಚುವವರೆಗೆ ಕೂತು ನೈವೇದ್ಯ ಮಾಡಲು ಒಪ್ಪಿದರು. ಚಹಾಕ್ಕೂ ಸಕ್ಕರೆ ಹಾಕುತ್ತೇವಲ್ಲ ಎಂಬ ಪ್ರಶ್ನೆ ಬಂತು. ದೇವರಿಗೆ ಕಟಿಂಗ್ ಎಂಬ ಅರ್ಧ ಲೋಟದ ಚಹಾ ಇಟ್ಟ ರೂಢಿ ಇಲ್ಲವೆಂದು ಭಟ್ಟರು ಚಹಾಪುಡಿ ಹಾಕುವ ಮೊದಲೇ ಸಕ್ಕರೆ ಹಾಲನ್ನು ನೈವೇದ್ಯ ಮಾಡಿಸಿದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನೈವೇದ್ಯದ ಅಡುಗೆಯನ್ನು ದೇವರಿಗೆ ತೋರಿಸುವ ಮೊದಲು ಯಾರೂ ರುಚಿ ನೋಡಬಾರದು. ನೋಡಿದರೆ ಎಂಜಲು. ಅಕ್ಕನಿಗೆ ಹರಕೆ ಹೇಳಿಕೊಳ್ಳುವಾಗ ಈ ಯೋಚನೆಯೇ ಇರಲಿಲ್ಲ. ಮೊದಲ ದಿನ ಭಾವ ಚಮಚ ಹಿಡಿದು ಬಂದಾಗ ಭಟ್ಟರು "ಹಾಂ ಹಾಂ!" ಎಂದು ಕೂಗಿದರು. ಭಾವ ಚಮಚ ಕೆಳಗಿಟ್ಟರು.

"ನೈವೇದ್ಯ ಆದ ಮೇಲೆ ನೋಡಿ" ಎಂದೆ ನಾನು, ಪರೀಕ್ಷೆ ಮಾಡಲೆಂದೇ.

ಭಾವ ನನ್ನನ್ನು ಕನಿಕರದಿಂದ ನೋಡಿದರು. "ದೇವರೇ ಸ್ವೀಕರಿಸಿ ಆದ ಮೇಲೆ ನಾನು ಎಂತ ರುಚಿ ನೋಡುವುದು? ಆಮೇಲೆ ಬಾಯಿಗೆ ಹಾಕಿದರೆ ಅದು ತಿನ್ನುವುದಾಗ್ತದೆ. ನನಗೆ ತಿನ್ನಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದ್ದು ನಿನಗೆ ಗೊತ್ತಿಲ್ವಾ?"

ಮಂಡಲ ಮುಗಿಯುತ್ತಾ ಬರುವಾಗ ದೀಪಾವಳಿಯೂ ಕಳೆದಿತ್ತು. ಡಾಕ್ಟರು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಗಾಯ ಒಣಗಿತ್ತು. ಸಕ್ಕರೆ ಇಳಿದಿತ್ತು. ಬೆರಳು ತೆಗೆಯುವ ಮಾತೇ ಇಲ್ಲ ಎಂದರು. "ಏನು ಬಿಟ್ಟಿರಿ?" ಎಂದು ಕೇಳಿದ್ದಕ್ಕೆ ಭಾವ, "ಏನೂ ಇಲ್ಲ" ಎಂದರು. ಡಾಕ್ಟರು ತಮ್ಮ ಮುಲಾಮು ಒಳ್ಳೆಯದು ಎಂದರು. ಅಕ್ಕ ದೇವರು ದೊಡ್ಡವನು ಎಂದಳು. ನಮ್ಮ ಮೇಡಂ ಸುದ್ದಿ ತಿಳಿದದ್ದೇ ತಡ, ವಾಶಿಯ ಸೆಮಿನಾರಿನಲ್ಲಿ ಐದು ಸಿದ್ಧಾಂತಗಳ ಸಮನ್ವಯದಿಂದ ಉಳಿದ ಒಂದು ಬೆರಳು ಎಂದು ಭಾಷಣ ಮಾಡಿ, ಭಾವನ ಪಾದದ ಫೋಟೋವನ್ನು ಪರದೆಯ ಮೇಲೆ ಹಾಕಿಸಿದರು. ಭಾವ ವಾಕಿಂಗಿಗೆಂದು ತಂದ ಬೂಟು ಮಾತ್ರ ಇನ್ನೂ ತಯಾರಿಯ ಮೆಟ್ಟಿಲಲ್ಲೇ ಇತ್ತು.

ನನಗೆ ಹೆದರಿಕೆ ಬೇರೆಯೇ. ಹರಕೆ ಮುಗಿದ ಮರುದಿನ ಭಾವ ಚಮಚ ಹಿಡಿಯುತ್ತಾರೆ, ಬೆರಳು ಮತ್ತೆ ಮೊದಲಿನ ಹಾಗೆ. ಆರೋಗ್ಯ ಶಿಕ್ಷಣದಲ್ಲಿ ಇಷ್ಟೆಲ್ಲ ಓದಿದ ನಾನು ಕೊನೆಗೆ ಭಟ್ಟರ ಮನೆಗೆ ಹೋಗಿ ಕೈಮುಗಿದು ನಿಂತೆ.

"ಭಟ್ಟರೇ, ಈ ನೈವೇದ್ಯ ಯಾವತ್ತಿಗೂ ನಿಲ್ಲಿಸಬೇಡಿ. ಬಿಟ್ಟರೆ ದೋಷ ಅಂತ ಭಾವನಿಗೆ ಹೇಳಿಬಿಡಿ."

ಭಟ್ಟರು ತಕ್ಷಣ ಒಪ್ಪಿದರು. ಅವರ ಮೇಜಿನ ಮೇಲೆ ಒಂದರ ಮೇಲೊಂದು ಸ್ಟೀಲ್ ಡಬ್ಬಿಗಳಿದ್ದವು. ನೈವೇದ್ಯ ಮಾಡಿದ ಮೊದಲ ತಟ್ಟೆ ಪೂಜೆ ಮಾಡಿದವರಿಗೇ ಸೇರುವುದು ನಮ್ಮಲ್ಲಿಯ ಕ್ರಮ.

"ಹೇಳುವ, ಅದಕ್ಕೆಂತ" ಎಂದು ಅವರು ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ನೀವು ಈ ಶುಗರಿನ ಆಫೀಸಿನಲ್ಲೇ ಇರುವುದಲ್ವಾ ಅಮ್ಮ? ಮೊನ್ನೆ ಡಾಕ್ಟರು ನನಗೂ ಬಂದಿದೆ ಅಂದರು. ಎಲ್ಲಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ. ನನ್ನದು ಒಪ್ಪೊತ್ತಿನ ಊಟ."

ನಾನು ಡಬ್ಬಿಗಳನ್ನು ನೋಡಿದೆ. "ಭಟ್ಟರೇ, ಈ ಶೀರಾ, ಹಲ್ವಾ ಎಲ್ಲ ನೀವೇ ತಿನ್ನುವುದಾ?"

"ಶಿವ ಶಿವಾ!" ಭಟ್ಟರು ಎರಡೂ ಕಿವಿ ಮುಟ್ಟಿಕೊಂಡರು. "ಪ್ರಸಾದವನ್ನು ಯಾರಾದರೂ ತಿನ್ನುತ್ತಾರಾ ಅಮ್ಮ? ಅದು ಸ್ವೀಕರಿಸುವುದು."